ಪ್ರವೇಶಪತ್ರದ ಷರತ್ತು ಮತ್ತು ವಿದ್ಯಾರ್ಥಿಯ ನಾಲಗೆ

ಮಳೆಗಾಲ ಕಾಲಿಡುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಕಾಲೇಜು ಪ್ರವೇಶದ ಗಡಿಬಿಡಿಯೂ ಆರಂಭವಾಗುತ್ತದೆ. ಅರ್ಜಿಯನ್ನು ಈಗ ಕಂಪ್ಯೂಟರಿನಲ್ಲಿ ತುಂಬುವುದಾದರೂ ಕೊನೆಗೆ ಅಂಕಪಟ್ಟಿ, ವರ್ಗಾವಣೆ ಪತ್ರ, ಭಾವಚಿತ್ರಗಳನ್ನು ಲಕೋಟೆಯಲ್ಲಿಟ್ಟುಕೊಂಡು ತಂದೆಯೋ ತಾಯಿಯೋ ಮಕ್ಕಳೊಡನೆ ಕಚೇರಿಯ ಮುಂದೆ ಸರತಿಯಲ್ಲಿ ನಿಲ್ಲಲೇಬೇಕು. ಗುಮಾಸ್ತರು ಮುಂದೆ ಸರಿಸಿದ ಕಾಗದಗಳಿಗೆಲ್ಲ ಒಂದಾದ ಮೇಲೊಂದರಂತೆ ರುಜು ಬೀಳುತ್ತದೆ. ಖಾಸಗಿ ಕಾಲೇಜಾದರೆ ಆ ಕಾಗದಗಳ ನಡುವೆ ಎಲ್ಲಿಯೋ ಒಂದು ಷರತ್ತು ಇರುವುದುಂಟು: ಕಾಲೇಜಿನ ಆವರಣದೊಳಗೆ ರಾಜಕೀಯ ಚಟುವಟಿಕೆಯಲ್ಲಿ ತೊಡಗುವುದಿಲ್ಲ, ಅಧಿಕೃತವಲ್ಲದ ಸಭೆಗಳನ್ನು ಕರೆಯುವುದಿಲ್ಲ, ಅಂತಹ ಸಭೆಗಳಲ್ಲಿ ಭಾಗವಹಿಸುವುದಿಲ್ಲ. ಹೆತ್ತವರು ಅದನ್ನು ಓದುವುದಿಲ್ಲ. ಓದಿದರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಮಗ ಕೊಡಿ ಹಿಡಿದು ತಿರುಗುವುದಿಲ್ಲವಲ್ಲ, ಅಷ್ಟು ಸಾಕು.

ಈ ಒಂದು ಸಾಲಿನ ಹಿಂದೆ ಕೇರಳದಲ್ಲಿ ಎರಡು ದಶಕಗಳಿಗೂ ಮಿಕ್ಕಿದ ವ್ಯಾಜ್ಯದ ಇತಿಹಾಸವಿದೆ. ಕೋಟ್ಟಯಂ ಜಿಲ್ಲೆಯ ಪಾಲಾ ಪಟ್ಟಣದ ಕ್ರೈಸ್ತ ಆಡಳಿತದ ಕಾಲೇಜೊಂದರಲ್ಲಿ ಓದುತ್ತಿದ್ದ ತರುಣನೊಬ್ಬನಿಗೆ ಹಾಜರಿ ಸಾಲದೆಂಬ ಕಾರಣದಿಂದ ಪರೀಕ್ಷೆಗೆ ಕುಳಿತುಕೊಳ್ಳಲು ಅನುಮತಿ ದೊರೆಯಲಿಲ್ಲ. ಆತ ಎಡಪಂಥೀಯ ವಿದ್ಯಾರ್ಥಿ ಸಂಘಟನೆಯ ಕಾರ್ಯಕರ್ತ. ತನ್ನ ರಾಜಕೀಯವೇ ಪ್ರಾಚಾರ್ಯರ ಮುನಿಸಿಗೆ ಮೂಲವೆಂದು ಆತನ ವಾದ. ಪ್ರಕರಣವು ಎರ್ನಾಕುಳದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2003ರಲ್ಲಿ ತೀರ್ಪು ಹೊರಬಂದಾಗ ಹಾಜರಿಯ ಪ್ರಶ್ನೆ ಹಿಂದೆ ಸರಿದು, ಕಾಲೇಜಿನ ಕೈಪಿಡಿಯಲ್ಲಿದ್ದ ಆ ಷರತ್ತೇ ಮುನ್ನೆಲೆಗೆ ಬಂದಿತ್ತು. ಆವರಣದೊಳಗೆ ರಾಜಕೀಯವನ್ನು ನಿಷೇಧಿಸುವ ಅಧಿಕಾರ ವಿದ್ಯಾಸಂಸ್ಥೆಗೆ ಇದೆ. ಸಂವಿಧಾನದ 19ನೆಯ ಅನುಚ್ಛೇದವು ನೀಡಿರುವ ವಾಕ್ ಸ್ವಾತಂತ್ರ್ಯವಾಗಲಿ ಸಂಘ ಕಟ್ಟುವ ಹಕ್ಕಾಗಲಿ ಇದರಿಂದ ಕುಂದುವುದಿಲ್ಲ. ಸಂಸ್ಥೆಗೆ ಸೇರಿದವನು ಸಂಸ್ಥೆಯ ಶಿಸ್ತನ್ನು ಒಪ್ಪಿಕೊಂಡೇ ಸೇರಿದವನು ಎಂಬುದು ಆ ತೀರ್ಪಿನ ತಾತ್ಪರ್ಯ.

ಇದಕ್ಕೆ ಕೆಲವೇ ತಿಂಗಳ ಹಿಂದೆ, 2002ರ ಅಕ್ಟೋಬರ್ 31ರಂದು, ಸರ್ವೋಚ್ಚ ನ್ಯಾಯಾಲಯದ 11 ಮಂದಿ ನ್ಯಾಯಾಧೀಶರ ಪೀಠವು ಖಾಸಗಿ ವಿದ್ಯಾಸಂಸ್ಥೆಗಳ ಸ್ವಾಯತ್ತತೆಯನ್ನು ಎತ್ತಿಹಿಡಿದಿತ್ತು. ಆ ಮೊಕದ್ದಮೆಯು ನಮ್ಮ ನೆರೆಯ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಪ್ರವೇಶ, ಶುಲ್ಕ, ನೇಮಕಗಳಲ್ಲಿ ಆಡಳಿತ ಮಂಡಳಿಗೆ ಎಷ್ಟು ಸ್ವಾತಂತ್ರ್ಯವೆಂಬುದು ಅಲ್ಲಿನ ಮುಖ್ಯ ಪ್ರಶ್ನೆ. ವಿದ್ಯಾರ್ಥಿಯ ಸ್ವಾತಂತ್ರ್ಯವೆಷ್ಟು ಎಂಬುದು ಅಲ್ಲಿನ ಚರ್ಚೆಯ ಕೇಂದ್ರವಾಗಿರಲಿಲ್ಲ.

ಖಾಸಗಿ ಕಾಲೇಜೆಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಕೇರಳದ ಅನುದಾನಿತ ಕಾಲೇಜುಗಳಲ್ಲಿ ಕಟ್ಟಡ ಮಂಡಳಿಯದು, ನೇಮಕ ಮಂಡಳಿಯದು. ಆದರೆ 1972ರ ಒಪ್ಪಂದದ ನಂತರ ಅಧ್ಯಾಪಕರಿಗೆ ಸಂಬಳ ಕೊಡುವುದು ಸರಕಾರದ ಬೊಕ್ಕಸ. ಆ ಒಪ್ಪಂದವೂ ಹೋರಾಟದ ಫಲವೇ. ಅಧ್ಯಾಪಕರು ಸಂಘಟಿತರಾಗಿ ಬೀದಿಗಿಳಿದುದರಿಂದ ಅವರಿಗೆ ನಿಯತವಾದ ವೇತನ ದೊರೆಯಿತು. ಸಂಘಟನೆಯ ಸವಿಯುಂಡ ಅಧ್ಯಾಪಕರಲ್ಲಿ ಕೆಲವರು ಇಂದು ವಿದ್ಯಾರ್ಥಿ ಸಂಘಟನೆಯ ಹೆಸರೆತ್ತಿದರೆ ಹುಬ್ಬು ಗಂಟಿಕ್ಕುವುದು ಸೋಜಿಗವೇ ಸರಿ.

ಆಡಳಿತ ಮಂಡಳಿಗಳೂ ರಾಜಕೀಯಕ್ಕೆ ಹೊಸಬರಲ್ಲ. ಐಕ್ಯ ಕೇರಳದ ಮೊದಲ ಸರಕಾರವು ಶಿಕ್ಷಣ ಮಸೂದೆಯನ್ನು ತಂದಾಗ ಖಾಸಗಿ ಶಾಲೆಗಳ ವ್ಯವಸ್ಥಾಪಕರು ಅದನ್ನು ಉಗ್ರವಾಗಿ ವಿರೋಧಿಸಿದರು. 1959ರ ಜೂನ್ ತಿಂಗಳಲ್ಲಿ ಶಾಲೆಗಳ ಬಾಗಿಲನ್ನೇ ತೆರೆಯದೆ ವಿಮೋಚನಾ ಸಮರಕ್ಕೆ ಇಳಿದರು. ಜುಲೈ 31ರಂದು ಆ ಸರಕಾರ ವಜಾಗೊಂಡಿತು. ಅದಕ್ಕೆ ಒಂದು ವರ್ಷ ಮೊದಲು ಕುಟ್ಟನಾಡಿನ ಹಿನ್ನೀರಿನಲ್ಲಿ ಒಂದಾಣೆಯ ದೋಣಿ ದರವನ್ನು ಉಳಿಸಿಕೊಳ್ಳಲು ವಿದ್ಯಾರ್ಥಿಗಳು ನಡೆಸಿದ ಒರಣ ಸಮರವು ಈಗಲೂ ಆ ಕಡೆಯ ಹಿರಿಯರ ನೆನಪಿನಲ್ಲಿದೆ. ತರಗತಿ ಬಿಟ್ಟು ಬೀದಿಗೆ ಬರುವ ಪಾಠವನ್ನು ಮಕ್ಕಳಿಗೆ ಯಾರು ಯಾರು ಕಲಿಸಿದರೆಂದು ಪಟ್ಟಿ ಮಾಡಹೊರಟರೆ ಇಂದಿನ ನಿಷೇಧದ ಪ್ರತಿಪಾದಕರ ಹಿರಿಯರೂ ಅದರಲ್ಲಿ ಸೇರಿಕೊಂಡಾರು. ಅಷ್ಟೇಕೆ, ನಮ್ಮ ಶಿವರಾಮ ಕಾರಂತರು ಅಸಹಕಾರ ಚಳುವಳಿಯ ಕರೆಗೆ ಓಗೊಟ್ಟು ಕಾಲೇಜಿಗೆ ಬೆನ್ನು ತಿರುಗಿಸಿದವರು. ಆ ಕಥೆಯನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುವ ನಾವೇ, ನಮ್ಮ ಮಗಳು ಒಂದು ಮನವಿಪತ್ರಕ್ಕೆ ಸಹಿ ಹಾಕಿದಳೆಂದು ಕೇಳಿದರೆ ರಾತ್ರಿ ನಿದ್ದೆ ಮಾಡುವುದಿಲ್ಲ.

ಹಾಗೆಂದು ಹೆತ್ತವರ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. 1996ರ ಸೆಪ್ಟೆಂಬರ್ 17ರಂದು ಪರುಮಲದ ದೇವಸ್ವಂ ಬೋರ್ಡ್ ಕಾಲೇಜಿನಲ್ಲಿ ಎರಡು ಬಣಗಳ ಘರ್ಷಣೆಯ ನಡುವೆ ಮೂವರು ತರುಣರು ಪಂಪಾ ನದಿಯ ಪಾಲಾದರು. 2018ರ ಜುಲೈ 2ರ ಮುಂಜಾವದ ಮೊದಲಿನ ಕತ್ತಲಲ್ಲಿ ಎರ್ನಾಕುಳದ ಮಹಾರಾಜಾಸ್ ಕಾಲೇಜಿನ ಆವರಣದಲ್ಲಿ ಬುಡಕಟ್ಟು ಕುಟುಂಬದಿಂದ ಬಂದ ವಿದ್ಯಾರ್ಥಿಯೊಬ್ಬನನ್ನು ಇರಿದು ಕೊಂದರು. ಗೋಡೆಬರಹದ ಜಾಗಕ್ಕಾಗಿ ಎದ್ದ ಜಗಳ ಅದರ ಹಿನ್ನೆಲೆಯಲ್ಲಿತ್ತು. ಇಂತಹ ಸುದ್ದಿಯನ್ನು ಓದಿದ ಯಾವ ತಾಯಿ ತಾನೆ ನಿಷೇಧ ಬೇಡವೆಂದಾಳು? ಇದರ ಮೇಲೆ ‘ಪಠಿಪ್ಪುಮುಡಕ್ಕ್’ ಎಂಬ ಪದವನ್ನು ನಮ್ಮ ಕನ್ನಡದ ಮಕ್ಕಳೂ ಮಾತೃಭಾಷೆಯ ಪದದಂತೆ ಬಳಸುವಷ್ಟು ಅದು ಇಲ್ಲಿ ಬೇರೂರಿದೆ. ಎಲ್ಲಿಯೋ ಏನೋ ನಡೆದರೆ ಇಲ್ಲಿ ಗಂಟೆ ಬಾರಿಸಿ ತರಗತಿ ಬಿಡಿಸುತ್ತಾರೆ. ಸಾಲ ಮಾಡಿ ಶುಲ್ಕ ಕಟ್ಟಿದ ಮನೆಯವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೆ?

ಆದರೆ ಕತ್ತಿಯನ್ನು ತಡೆಯಲು ದಂಡಸಂಹಿತೆ ಇದೆ, ಪೊಲೀಸರಿದ್ದಾರೆ. ಮಾತನ್ನು ತಡೆದುದರಿಂದ ಕತ್ತಿ ನಿಲ್ಲುತ್ತದೆಯೆಂಬುದು ಸಿದ್ಧವಾದ ಸಂಗತಿಯಲ್ಲ. ಮಾತನ್ನು ತಡೆದಲ್ಲಿ ಏನು ನಡೆಯುತ್ತದೆಂಬುದಕ್ಕೆ 2017ರ ಜನವರಿ ತಿಂಗಳು ಎರಡು ಉದಾಹರಣೆಗಳನ್ನು ಒದಗಿಸಿತು.

ಮೊದಲನೆಯದು ತೃಶ್ಶೂರು ಜಿಲ್ಲೆಯ ಪಾಂಬಾಡಿಯ ಸ್ವಾಶ್ರಯ ಇಂಜಿನಿಯರಿಂಗ್ ಕಾಲೇಜಿನದು. ಜನವರಿ 6ರಂದು ಅಲ್ಲಿನ ಮೊದಲ ವರ್ಷದ ವಿದ್ಯಾರ್ಥಿಯೊಬ್ಬನು ಹಾಸ್ಟೆಲಿನಲ್ಲಿ ಮೃತನಾಗಿ ಕಂಡುಬಂದನು. ಪರೀಕ್ಷೆಯಲ್ಲಿ ನಕಲು ಮಾಡಿದನೆಂದು ಆಪಾದಿಸಿ ಕಿರುಕುಳ ಕೊಟ್ಟರೆಂದು ಬಂಧುಗಳೂ ಸಹಪಾಠಿಗಳೂ ದೂರಿದರು. ಅದುವರೆಗೆ ತುಟಿಪಿಟಕ್ಕೆನ್ನದಿದ್ದ ವಿದ್ಯಾರ್ಥಿಗಳು ರಾಜ್ಯದ ನಾನಾ ಕಡೆಗಳಲ್ಲಿ ತಮ್ಮ ತಮ್ಮ ಕಾಲೇಜುಗಳ ದಂಡ, ಬೆದರಿಕೆ, ಆಂತರಿಕ ಅಂಕಗಳ ಹಿಡಿತ ಇವನ್ನು ಕುರಿತು ಬಾಯಿಬಿಡತೊಡಗಿದರು. ಸ್ವಾಶ್ರಯ ಕಾಲೇಜುಗಳ ಸಮಸ್ಯೆಯನ್ನು ವಿಚಾರಿಸಲು ನಿವೃತ್ತ ನ್ಯಾಯಮೂರ್ತಿ ಕೆ.ಕೆ. ದಿನೇಶನ್ ಅವರ ಆಯೋಗ ನೇಮಕಗೊಂಡಿತು. ವಿದ್ಯಾರ್ಥಿ ಸಂಘವೆಂಬುದು ಇದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತೆಂದು ಹೇಳುವ ಧಾರ್ಷ್ಟ್ಯ ನಮಗಿಲ್ಲ. ದೂರನ್ನು ಕೊಂಡೊಯ್ಯಲು ಒಂದು ಬಾಗಿಲೂ ಇಲ್ಲದ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದಿದ್ದೇವೆಂಬುದನ್ನು ಹೆತ್ತವರು ಅಂದು ಅರಿತರು.

ಎರಡನೆಯದು ತಿರುವನಂತಪುರದ ಕೇರಳ ಲಾ ಅಕಾಡೆಮಿಯದು. ಅದೇ ತಿಂಗಳಲ್ಲಿ ಆರಂಭವಾದ ವಿದ್ಯಾರ್ಥಿ ಮುಷ್ಕರ 29 ದಿನ ನಡೆಯಿತು. ಆಂತರಿಕ ಅಂಕಗಳಲ್ಲಿ ಪಕ್ಷಪಾತ, ಅವಮಾನಕರ ನಡವಳಿಕೆ ಮುಂತಾದ ಆರೋಪಗಳನ್ನು ಹೊತ್ತು, ಪರಸ್ಪರ ಮುಖ ನೋಡದ ಸಂಘಟನೆಗಳೂ ಒಂದೇ ಗೇಟಿನ ಮುಂದೆ ಕುಳಿತವು. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿದ್ದರು. ನ್ಯಾಯಶಾಸ್ತ್ರ ಕಲಿಸುವ ಸಂಸ್ಥೆಯಲ್ಲಿ ನ್ಯಾಯ ಕೇಳಲು ಒಂದು ತಿಂಗಳು ಬಿಸಿಲಿನಲ್ಲಿ ಕುಳಿತುಕೊಳ್ಳಬೇಕಾಯಿತೆಂಬುದು ಗಮನಿಸತಕ್ಕ ಸಂಗತಿ.

ಹಾಗಾದರೆ ನಡುದಾರಿಯೊಂದಿಲ್ಲವೆ? ಇದೆಯೆಂದು ಹೇಳಿದವರು ಭಾರತದ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ. ಅದಕ್ಕೂ ಮೂಲ ಕೇರಳವೇ. ಕಾಲೇಜು ಸಂಘಕ್ಕೆ ವಿದ್ಯಾರ್ಥಿಗಳು ನೇರವಾಗಿ ಮತ ಹಾಕಬೇಕೇ, ಅಥವಾ ತರಗತಿಯ ಪ್ರತಿನಿಧಿಗಳು ಸೇರಿ ಪದಾಧಿಕಾರಿಗಳನ್ನು ಆರಿಸಬೇಕೇ ಎಂಬ ವಿಷಯದಲ್ಲಿ ಕೇರಳ ವಿಶ್ವವಿದ್ಯಾಲಯಕ್ಕೂ ಕಾಲೇಜು ಪ್ರಾಚಾರ್ಯರ ಪರಿಷತ್ತಿಗೂ ಹುಟ್ಟಿದ ತಕರಾರು ದಿಲ್ಲಿಯನ್ನು ಮುಟ್ಟಿತು. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾದ ಸಮಿತಿಯು 2006ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಸೆಪ್ಟೆಂಬರ್ 22ರಂದು ಅದನ್ನು ದೇಶದಾದ್ಯಂತ ಅನುಸರಿಸಬೇಕೆಂದು ನ್ಯಾಯಾಲಯ ಆದೇಶಿಸಿತು.

ಆ ವರದಿಯ ಶಿಫಾರಸುಗಳು ಗಟ್ಟಿಯಾಗಿವೆ. ಅಭ್ಯರ್ಥಿ ಖರ್ಚು ಮಾಡಬಹುದಾದ ಹಣ 5,000 ರೂಪಾಯಿ. ಹಾಜರಿ ಕನಿಷ್ಠ ಶೇಕಡಾ 75. ಪದವಿ ವಿದ್ಯಾರ್ಥಿಗೆ 17ರಿಂದ 22ರ ವಯೋಮಿತಿ. ಸಂಶೋಧನಾ ವಿದ್ಯಾರ್ಥಿಗೆ 28. ಪದಾಧಿಕಾರಿಯ ಸ್ಥಾನಕ್ಕೆ ಒಂದು ಸಲ ಮಾತ್ರ ಸ್ಪರ್ಧಿಸಬಹುದು. ನಾಮಪತ್ರದಿಂದ ಫಲಿತಾಂಶದವರೆಗಿನ ಎಲ್ಲ ಕಾರ್ಯವೂ 10 ದಿನಗಳೊಳಗೆ ಮುಗಿಯತಕ್ಕದ್ದು. ಮುದ್ರಿತ ಭಿತ್ತಿಪತ್ರ ಕೂಡದು, ಕೈಯಲ್ಲಿ ಬರೆದುದಾದರೆ ಆಗಬಹುದು, ಅದೂ ಗೊತ್ತುಪಡಿಸಿದ ಗೋಡೆಯ ಮೇಲೆ ಮಾತ್ರ. ಕಾಗದದ ಮೇಲೆ ಇದು ಬಹಳ ಚೆಂದ. ಪಕ್ಷದ ಹಣವಿಲ್ಲದೆ, ಹೊರಗಿನವರ ಹಂಗಿಲ್ಲದೆ, ಬಣ್ಣದ ಡಬ್ಬಿ ಮತ್ತು ಕುಂಚ ಹಿಡಿದು ಒಬ್ಬ ಬಡ ಹುಡುಗಿಯೂ ಚುನಾವಣೆಗೆ ನಿಲ್ಲಬಹುದಾದ ಚಿತ್ರವನ್ನು ಸಮಿತಿ ಕಂಡಿತ್ತು. ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ಸಾಮಾನ್ಯವಾಗಿ ಚುನಾವಣೆಯನ್ನು ನಡೆಸಲೇಬೇಕು ಎಂಬುದು ಅದರ ಮೊದಲ ಮಾತುಗಳಲ್ಲೊಂದು. ನಿರ್ಬಂಧದ ಭಾಗವನ್ನು ಕಂಠಪಾಠ ಮಾಡಿಕೊಂಡ ಅನೇಕ ಆಡಳಿತ ಮಂಡಳಿಗಳಿಗೆ ಈ ಮಾತು ಮಾತ್ರ ಮರೆತುಹೋದಂತಿದೆ. 2009ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇನ್ನೊಂದು ಪೀಠವು, ಇಂತಹ ನಿಯಮಗಳನ್ನು ರೂಪಿಸುವುದು ಶಾಸಕಾಂಗದ ಕೆಲಸವಲ್ಲವೆ ಎಂಬ ಶಂಕೆಯೆತ್ತಿ ವಿಷಯವನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು.

ಕೇರಳದ ಉಚ್ಚ ನ್ಯಾಯಾಲಯದ ಮನೋಭಾವವಾದರೋ ಈ ನಡುವೆ ಬಿಗಿಯಾಗುತ್ತಲೇ ಬಂದಿತು. 2017ರ ಅಕ್ಟೋಬರಿನಲ್ಲಿ ಪೊನ್ನಾನಿಯ ಎಂ.ಇ.ಎಸ್. ಕಾಲೇಜಿನ ಪ್ರಕರಣದಲ್ಲಿ, ಧರಣಿ ಉಪವಾಸಗಳಿಗೆ ವಿದ್ಯಾಸಂಸ್ಥೆಯಲ್ಲಿ ಎಡೆಯಿಲ್ಲ, ಓದಲು ಬಂದವರು ಓದಬೇಕು ಎಂಬರ್ಥದ ಮಧ್ಯಂತರ ಆದೇಶ ಹೊರಟಿತು. 2020ರ ಫೆಬ್ರವರಿ 26ರಂದು ನ್ಯಾಯಮೂರ್ತಿ ಪಿ.ಬಿ. ಸುರೇಶ್ ಕುಮಾರ್ ಅವರು ತರಗತಿಗಳಿಗೆ ಅಡ್ಡಿಯಾಗುವ ಮುಷ್ಕರ, ಮೆರವಣಿಗೆ, ಘೇರಾವುಗಳನ್ನು ನಿಷೇಧಿಸಿದರು. ಶಾಂತವಾದ ಚರ್ಚೆಗೆ ಅಡ್ಡಿಯಿಲ್ಲವೆಂದೂ ಸೂಚಿಸಿದರು. ಓದುವವನ ಹಕ್ಕನ್ನು ಓದಲೊಲ್ಲದವನು ಕಸಿಯಬಾರದೆಂಬ ಈ ತೀರ್ಪಿನ ತಿರುಳು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಮುಷ್ಕರ ಬೇರೆ, ಮಾತು ಬೇರೆ. ಪಾಲಾದ ಷರತ್ತು ತಡೆದುದು ಮುಷ್ಕರವನ್ನಷ್ಟೇ ಅಲ್ಲ, ಮರದ ನೆರಳಿನಲ್ಲಿ ಹತ್ತು ಜನ ಸೇರುವ ಸಭೆಯನ್ನು ಕೂಡ.

ಕೊಡಿಯೂ ಘೋಷಣೆಯೂ ಇಲ್ಲದೆ ಒಬ್ಬಳೇ ನಿಂತ ವಿದ್ಯಾರ್ಥಿನಿಯ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಕೋಝಿಕ್ಕೋಡು ಜಿಲ್ಲೆಯ ಚೇಳನ್ನೂರಿನ ಶ್ರೀನಾರಾಯಣ ಗುರು ಕಾಲೇಜು ಅನುದಾನಿತ ಖಾಸಗಿ ಕಾಲೇಜು. ಅದರ ಮಹಿಳಾ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಫೋನನ್ನು ಬಳಸಕೂಡದೆಂಬ ನಿಯಮ ಬಂದಿತು. ಬಿ.ಎ. ಓದುತ್ತಿದ್ದ ಆ ಹುಡುಗಿ ಒಪ್ಪಲಿಲ್ಲ. ಪಾಠದ ಸಾಮಗ್ರಿ ಈಗ ಫೋನಿನಲ್ಲಿಯೇ ಬರುತ್ತದೆ, ಹೆಣ್ಣುಮಕ್ಕಳಿಗೆ ಮಾತ್ರ ಈ ಕಟ್ಟುಪಾಡು ಏಕೆ ಎಂದು ಪ್ರಶ್ನಿಸಿದಳು. ಹಾಸ್ಟೆಲಿನಿಂದ ಹೊರಹಾಕಿದರು. ಆಕೆ ನ್ಯಾಯಾಲಯಕ್ಕೆ ಹೋದಳು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ಅವರು, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿಯೂ ಖಾಸಗಿತನದ ಹಕ್ಕಿನಲ್ಲಿಯೂ ಅಡಕವಾಗಿದೆಯೆಂದು ಸಾರಿ, ಆಕೆಯನ್ನು ಹಾಸ್ಟೆಲಿಗೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ಶಿಸ್ತಿಗೂ ಒಂದು ಅಳತೆಯಿದೆ, ಹದಿನೆಂಟು ದಾಟಿದವರು ಸ್ವಂತ ವಿವೇಕದಿಂದ ನಡೆಯಲು ಅರ್ಹರು ಎಂಬ ದೃಷ್ಟಿ ಆ ತೀರ್ಪಿನಲ್ಲಿದೆ. 1989ರಿಂದ ಹದಿನೆಂಟಕ್ಕೆ ಮತದಾನದ ಹಕ್ಕು ಕೊಟ್ಟಿರುವ ದೇಶದಲ್ಲಿ ಇದನ್ನು ನ್ಯಾಯಾಲಯ ಬಂದು ಹೇಳಬೇಕಾಯಿತು.

ಇನ್ನೊಂದು ಬೀಗದ ಕುರಿತು ಮೌನ ತಾಳಿದರೆ ಈ ಲೇಖನ ಅರ್ಧಸತ್ಯವಾದೀತು. ಆಡಳಿತ ಮಂಡಳಿ ಬಾಯಿ ಕಟ್ಟುವುದು ಒಂದು ಬಗೆ. ಬಲಿಷ್ಠ ಸಂಘಟನೆಯೊಂದು ಇಡೀ ಕಾಲೇಜನ್ನು ತನ್ನ ಕೋಟೆಯೆಂದು ಸಾರಿ ಉಳಿದವರ ಬಾಯಿ ಕಟ್ಟುವುದು ಇನ್ನೊಂದು ಬಗೆ. ಅಲ್ಲಿ ಚುನಾವಣೆ ಇರುತ್ತದೆ, ಎದುರಾಳಿ ಇರುವುದಿಲ್ಲ. ನಮ್ಮ ಜಿಲ್ಲೆಯದೇ ಆದ ಪಡನ್ನಕ್ಕಾಡಿನ ನೆಹರೂ ಕಾಲೇಜಿನಲ್ಲಿ 2018ರ ಮಾರ್ಚಿನಲ್ಲಿ, ನಿವೃತ್ತಿಯಾಗಲಿದ್ದ ಪ್ರಾಚಾರ್ಯೆಯ ಬೀಳ್ಕೊಡುಗೆಯ ವೇಳೆಯಲ್ಲಿ, ಸತ್ತವರಿಗೆ ಸಲ್ಲಿಸುವ ಸಂತಾಪದ ಧಾಟಿಯ ಭಿತ್ತಿಪತ್ರ ಕಾಣಿಸಿಕೊಂಡುದನ್ನೂ ಪಟಾಕಿ ಸಿಡಿದುದನ್ನೂ ಓದುಗರು ಮರೆತಿರಲಾರರು. ಅದನ್ನು ಅಭಿವ್ಯಕ್ತಿ ಸ್ವಾತಂತ್ರ್ಯವೆಂದು ಸಮರ್ಥಿಸಿದವರೂ ಇದ್ದರು. ಅಧಿಕಾರಸ್ಥರನ್ನು ಗೇಲಿ ಮಾಡುವ ಹಕ್ಕು ವಿದ್ಯಾರ್ಥಿಗೆ ಇರಬೇಕು, ನಿಜ. ಆದರೆ ಅದೇ ಗೋಡೆಯ ಮೇಲೆ ಆ ಭಿತ್ತಿಪತ್ರವನ್ನು ಖಂಡಿಸಿ ಒಬ್ಬಂಟಿ ವಿದ್ಯಾರ್ಥಿಯೊಬ್ಬನು ಇನ್ನೊಂದನ್ನು ಅಂಟಿಸಿ ಸುರಕ್ಷಿತವಾಗಿ ಬಸ್ಸು ಹತ್ತಬಲ್ಲನೆ? ಸ್ವಾತಂತ್ರ್ಯದ ಪರೀಕ್ಷೆ ನಡೆಯುವುದು ಅಲ್ಲಿ.

ಗಡಿನಾಡಿನವರಾದ ನಮಗೆ ಈ ವಿಚಾರ ಇನ್ನೂ ಹತ್ತಿರದ್ದು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬಳು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾಳೆ, ಇನ್ನೊಬ್ಬನು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಓದುತ್ತಾನೆ. ಕರ್ನಾಟಕದಲ್ಲಿ ಕಾಲೇಜು ಸಂಘಗಳ ನೇರ ಚುನಾವಣೆ 1980ರ ದಶಕದ ಕೊನೆಯಲ್ಲಿಯೇ ನಿಂತುಹೋಯಿತು. ಆದುದರಿಂದ ಅಕ್ಕನ ಕಾಲೇಜಿನ ಗೋಡೆಗಳು ಬಿಳಿ, ತಮ್ಮನ ಕಾಲೇಜಿನ ಗೋಡೆಗಳು ಬಣ್ಣಬಣ್ಣ. ಹಬ್ಬಕ್ಕೆ ಇಬ್ಬರೂ ಮನೆಗೆ ಬಂದಾಗ ತಾಯಿಗೆ ಅಕ್ಕನ ಕಾಲೇಜೇ ಮೆಚ್ಚು. ಬಿಳಿ ಗೋಡೆಯ ಹಿಂದೆ ಶುಲ್ಕ, ದಂಡ, ಹಾಸ್ಟೆಲಿನ ಊಟ ಇವುಗಳ ದೂರು ಇಲ್ಲವೆಂದಲ್ಲ. ಅವು ಗೆಳತಿಯರ ಪಿಸುಮಾತಿನಲ್ಲಿಯೇ ಕರಗುತ್ತವೆ.

ಇದಕ್ಕಿಂತ ಮಿಗಿಲಾದ ಸಂಗತಿಯೊಂದಿದೆ. 1956ರ ನವೆಂಬರ್ 1ರಿಂದ ನಾವು ಭಾಷಾ ಅಲ್ಪಸಂಖ್ಯಾತರು. ಕನ್ನಡದ ಪ್ರಶ್ನೆಪತ್ರಿಕೆ, ಕನ್ನಡದಲ್ಲಿ ಸೂಚನಾಫಲಕ, ಕನ್ನಡ ಬಲ್ಲ ಅಧ್ಯಾಪಕ, ಇವುಗಳಲ್ಲಿ ಯಾವುದೂ ಕೇಳದೆ ದೊರೆತುದಲ್ಲ. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾಯಿದೆ ಬಂದಾಗ ಹಿರಿಯರೊಡನೆ ಮಕ್ಕಳೂ ದನಿಗೂಡಿಸಿದರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ಕಳುಹಿಸಿದಾಗಲೂ ಮೊದಲು ಎದ್ದುನಿಂತವರು ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರು. ಇದು ರಾಜಕೀಯವೆ? ಷರತ್ತಿನ ಭಾಷೆಯಲ್ಲಿ ಹೌದು, ಏಕೆಂದರೆ ಸರಕಾರದ ನೀತಿಯನ್ನು ಪ್ರಶ್ನಿಸಲು ಅನುಮತಿಯಿಲ್ಲದೆ ಸಭೆ ಸೇರುವುದು ಅದರ ವ್ಯಾಪ್ತಿಗೆ ಬರುತ್ತದೆ. ದೊಡ್ಡ ಪಕ್ಷಗಳಿಗೆ ಕಾಲೇಜಿನ ಗೇಟು ಮುಚ್ಚಿದರೂ ನಷ್ಟವಿಲ್ಲ. ಗೇಟಿನಾಚೆ ಅವುಗಳಿಗೆ ಕಚೇರಿಯಿದೆ, ಪತ್ರಿಕೆಯಿದೆ, ಧ್ವನಿವರ್ಧಕವಿದೆ. ತರಗತಿಯೊಂದರಲ್ಲಿ ಐದಾರು ಮಂದಿಯಷ್ಟೇ ಇರುವ ಕನ್ನಡದ ಮಕ್ಕಳಿಗೆ ಆವರಣದೊಳಗಿನ ಆ ಸಣ್ಣ ಸಭೆಯಲ್ಲದೆ ಬೇರೇನಿದೆ? ಅವರ ದನಿಯನ್ನು ಮಂಡಳಿಯ ನಿಷೇಧವೂ ಅಡಗಿಸಬಲ್ಲುದು, ಬಲಿಷ್ಠ ಸಂಘಟನೆಯ ಗದ್ದಲವೂ ಅಡಗಿಸಬಲ್ಲುದು.

ಕಾನೂನು ಇನ್ನೂ ನಡೆಯುತ್ತಲೇ ಇದೆ. ಮೂಲಭೂತ ಹಕ್ಕುಗಳು ಸರಕಾರದ ವಿರುದ್ಧ ಮಾತ್ರವೆಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು. ಖಾಸಗಿ ಮಂಡಳಿಗಳಿಗೆ ಅದೊಂದು ಕವಚ. 1989ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಅನುದಾನಿತ ಖಾಸಗಿ ಕಾಲೇಜಿನ ವಿರುದ್ಧವೂ ಉಚ್ಚ ನ್ಯಾಯಾಲಯ ರಿಟ್ ಆಜ್ಞೆ ಹೊರಡಿಸಬಹುದೆಂದಿತ್ತು. 2023ರ ಜನವರಿ 3ರಂದು ಸಂವಿಧಾನ ಪೀಠವು, 19 ಮತ್ತು 21ನೆಯ ಅನುಚ್ಛೇದಗಳ ಹಕ್ಕುಗಳನ್ನು ಸರಕಾರೇತರರ ವಿರುದ್ಧವೂ ಜಾರಿಗೊಳಿಸಬಹುದೆಂದು ನಾಲ್ವರ ಬಹುಮತದಿಂದ ಹೇಳಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಭಿನ್ನಮತ ಸೂಚಿಸಿದರು. ಈ ತೀರ್ಪಿನ ಬೆಳಕಿನಲ್ಲಿ ಪಾಲಾದ ಷರತ್ತು ಮತ್ತೆ ಪರೀಕ್ಷೆಗೆ ಒಳಗಾಗಬೇಕೆಂದು ವಾದಿಸಲು ಸಾಕಷ್ಟು ಆಧಾರವಿದೆ.

ಅಲ್ಲಿಯವರೆಗೆ, ಪ್ರವೇಶಕ್ಕೆ ಹೋದ ಹೆತ್ತವರು ರುಜು ಹಾಕುವ ಮೊದಲು ಕಚೇರಿಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಬಹುದು. ಇಲ್ಲಿ ವಿದ್ಯಾರ್ಥಿ ಸಂಘವಿದೆಯೆ, ಅದನ್ನು ಆರಿಸುವವರು ಯಾರು? ಕುಂದುಕೊರತೆ ನಿವಾರಣಾ ಸಮಿತಿಯ ಸದಸ್ಯರ ಹೆಸರುಗಳನ್ನು ಎಲ್ಲಿ ಪ್ರಕಟಿಸಿದ್ದೀರಿ? ಎರಡನೆಯದು ಕೇಳಿದವರ ಅಧಿಕಪ್ರಸಂಗವಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ನಿಯಮಗಳಂತೆ ಖಾಸಗಿ ಕಾಲೇಜಿನಲ್ಲಿಯೂ ಇಂತಹ ಸಮಿತಿ ಇರಲೇಬೇಕು; ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು; ತೃಪ್ತಿಯಾಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಬಳಿಗೆ ಮೇಲ್ಮನವಿ ಒಯ್ಯಬಹುದು. ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿಗೂ ಸ್ಥಾನವಿದೆ. ಆತನನ್ನು ಸಹಪಾಠಿಗಳು ಆರಿಸುವುದಿಲ್ಲ. ಓದಿನಲ್ಲಿಯೋ ಆಟದಲ್ಲಿಯೋ ಮುಂದಿರುವವನೊಬ್ಬನನ್ನು ಕಾಲೇಜೇ ನಾಮಕರಣ ಮಾಡುತ್ತದೆ, ಅದೂ ವಿಶೇಷ ಆಹ್ವಾನಿತನಾಗಿ.